ದೊರೆಯ ಮೂಗಿನ ತುದಿ

ನಮ್ಮ ಮನೆಗೆ ಮೊದಲ ಸಲ ಬಂದವರಿಗೆ ಅಮ್ಮ ಕುಡಿಯಲು ನೀರು ಕೊಡುತ್ತಿದ್ದಳು, ಅಪ್ಪ ಮೂಗು ಕೊಯ್ದ ಕಥೆ ಹೇಳುತ್ತಿದ್ದರು. ನೀರು ಬರುವುದು ಸ್ವಲ್ಪ ತಡವಾದರೂ ಕಥೆ ತಡವಾಗುತ್ತಿರಲಿಲ್ಲ.

ಕಥೆ ಹೀಗಿತ್ತು. ಸುಮಾರು ಮುನ್ನೂರು ವರ್ಷಗಳ ಹಿಂದೆ ಮೈಸೂರಿನ ದೊರೆಗೂ ಮಧುರೆಯವರಿಗೂ ಹಗೆ ಬೆಳೆದು, ನಮ್ಮ ಸೈನ್ಯ ಘಟ್ಟ ಇಳಿದು ಸತ್ಯಮಂಗಲದ ಮೇಲೆ ನುಗ್ಗಿತು. ಸಿಕ್ಕವರನ್ನು ಕೊಲ್ಲಬೇಡಿ, ಮೂಗು ಕೊಯ್ದು ಕಳಿಸಿ ಎಂದು ದೊರೆಯ ಅಪ್ಪಣೆ. ಅದಕ್ಕೆಂದೇ ಒಂದು ಸಲಕರಣೆ ಮಾಡಿಸಿದ್ದರು. ಒಂದೇ ಎಳೆತಕ್ಕೆ ಮೂಗು, ಮೇಲ್ದುಟಿ, ಅದರ ಮೇಲಿನ ಮೀಸೆ ಎಲ್ಲವೂ ಬಂದುಬಿಡುತ್ತಿತ್ತು. ಕೊಯ್ದದ್ದನ್ನು ಚೀಲಗಳಿಗೆ ತುಂಬಿ ಶ್ರೀರಂಗಪಟ್ಟಣಕ್ಕೆ ಕಳಿಸುತ್ತಿದ್ದರು. ಹಾಗೆ ಕೊಯ್ದವರಲ್ಲಿ ನಮ್ಮ ವಂಶದ ಹಿರಿಯರೊಬ್ಬರು ಇದ್ದರಂತೆ. ಅವರ ಸಲಕರಣೆ ನಮ್ಮ ಮನೆಯಲ್ಲಿತ್ತು.

ಇದು ಪೂರ್ತಿ ಅಪ್ಪ ಕಟ್ಟಿದ್ದಲ್ಲ. ನಾನು ಆಗ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೆ. ಆ ಯುದ್ಧದ ಬಗ್ಗೆ ಅಂದಿನ ಪರದೇಶದ ಪಾದ್ರಿಗಳು ಬರೆದಿದ್ದಾರೆಂದು ನಮ್ಮ ಮೇಷ್ಟ್ರೇ ತರಗತಿಯಲ್ಲಿ ಹೇಳಿದ್ದರು. ನಮ್ಮ ಹಿರಿಯರು ಅಲ್ಲಿದ್ದರೆಂಬುದಕ್ಕೆ ಮಾತ್ರ ಅಪ್ಪನ ಮಾತೇ ಆಧಾರ. ಓದು ಬರಹದಿಂದ ಹೊಟ್ಟೆ ಹೊರೆದ ಕುಲದಲ್ಲಿ ಒಬ್ಬರು ಹಾಗೆ ಹೊರಟಿದ್ದು ಹೇಗೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, ಎಲ್ಲ ಕುಲದಲ್ಲೂ ಒಬ್ಬ ಗಂಡಸು ಹುಟ್ಟುತ್ತಾನೆ ಎಂದಿದ್ದರು. ಸ್ವತಃ ಅವರು ಅರಮನೆಯ ಛತ್ರಿ ಚಾಮರಗಳ ಉಗ್ರಾಣದಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಬಾಗಿಲ ಸಂದಿಗೆ ಸಿಕ್ಕಿ ಕಡಿದ ಹಲ್ಲಿಯ ಬಾಲ ಒದ್ದಾಡುವುದನ್ನು ನೋಡಲಾರದೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು.

ಸಲಕರಣೆ ಒಂದು ಗೇಣು ಉದ್ದದ ಕಬ್ಬಿಣದ ತುಂಡು. ಒಂದು ತುದಿ ಗಿಳಿಯ ಕೊಕ್ಕಿನಂತೆ ಬಾಗಿತ್ತು, ಇನ್ನೊಂದರಲ್ಲಿ ಬೆರಳು ತೂರಿಸುವ ಬಳೆ. ವರ್ಷವಿಡೀ ಕೆಂಪು ರೇಷ್ಮೆ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು, ಆಯುಧಪೂಜೆಯ ದಿನ ಹೊರಗೆ ತೆಗೆದು ಎಲ್ಲಕ್ಕಿಂತ ಮುಂದೆ ಇಡುತ್ತಿದ್ದರು. ಅದರ ಹಿಂದೆ ಹೊಲಿಗೆ ಯಂತ್ರ, ಈಳಿಗೆ ಮಣೆ, ಅಪ್ಪನ ಸೈಕಲ್ಲು.

ಈ ಕಥೆಯಿಂದ ಅಕ್ಕನ ಮದುವೆ ನಿಂತುಹೋಗುತ್ತಿದೆ ಎಂದು ಅಮ್ಮನ ತೀರ್ಮಾನ. ಐವತ್ತರ ದಶಕದ ನಡುಭಾಗ. ಸರಸ್ವತಿಪುರಂನಲ್ಲಿ ಆಗಿನ್ನೂ ಮನೆಗಳ ನಡುವೆ ಖಾಲಿ ಜಾಗ ಹೆಚ್ಚು, ಸುದ್ದಿಗೆ ಅಡ್ಡಿ ಕಡಿಮೆ. ಅಕ್ಕ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು, ವಯಸ್ಸು ಇಪ್ಪತ್ತಾರು ದಾಟಿತ್ತು. ಮೊದಲು ನೋಡಲು ಬಂದ ಹುಡುಗನಿಗೆ ದಟ್ಟ ಮೀಸೆ ಇತ್ತು. ಮೇಲ್ದುಟಿ ಹೇಗೆ ಬರುತ್ತಿತ್ತು ಎನ್ನುವುದನ್ನು ಅಪ್ಪ ಅಡಕೆಕತ್ತರಿ ಹಿಡಿದು ಅವನ ಮುಖದ ಹತ್ತಿರವೇ ತೋರಿಸಿದರು. ಎರಡನೆಯವರ ಮನೆಯಿಂದ ಹುಡುಗನ ತಂದೆ ಬಂದಿದ್ದರು. ಅವರ ಮೂಗು ದೊಡ್ಡದು. ಅಪ್ಪ ಕಥೆಯ ನಡುವೆ ಅದನ್ನೇ ನೋಡುತ್ತ ಕುಳಿತು, ಇಂಥದ್ದಾದರೆ ಚೀಲಕ್ಕೆ ಹೆಚ್ಚು ಹಿಡಿಸುತ್ತಿರಲಿಲ್ಲ ಎಂದರು. ಅವರು ಉಪ್ಪಿಟ್ಟು ಅರ್ಧಕ್ಕೇ ಬಿಟ್ಟು ಎದ್ದರೆಂದು ಅಮ್ಮ ಹೇಳುತ್ತಿದ್ದಳು. ಪೂರ್ತಿ ತಿಂದು ಎದ್ದರೆಂದು ನನ್ನ ನೆನಪು. ಸಂಬಂಧ ಬೇಡವೆನ್ನುವವರಿಗೆ ಜಾತಕ, ಎತ್ತರ, ಬಣ್ಣ ಎಂದು ನೂರು ಕಾರಣ ಇರುತ್ತವೆ. ಆದರೆ ಅಮ್ಮನಿಗೆ ಕಣ್ಣೆದುರು ಕಂಡ ಕಾರಣ ಒಂದೇ.

ಮೂರನೆಯ ಸಂಬಂಧ ತಂದವನು ಕೊಯಮತ್ತೂರಿನಲ್ಲಿ ಕೆಲಸದಲ್ಲಿದ್ದ ನಮ್ಮ ಸೋದರಮಾವ. ಹುಡುಗ ಅವನ ಕಚೇರಿಯಲ್ಲೇ ಲೆಕ್ಕ ತನಿಖೆ ಮಾಡುವವರು. ಆ ಬೇಸಿಗೆಯಲ್ಲಿ ಕಚೇರಿ ಕೆಲಸಕ್ಕೆಂದು ಮಾವನ ಜೊತೆ ಮೈಸೂರಿಗೆ ಬಂದಾಗ ನಮ್ಮ ಮನೆಯ ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತಿದ್ದರು. ಅಪ್ಪ ಅಂದು ಊರಲ್ಲಿರಲಿಲ್ಲ. ಅಕ್ಕ ಹೊರಗಿನಿಂದ ಬಂದಳು. ಏನು ಪಾಠ ಹೇಳುತ್ತೀರಿ ಎಂದು ಅವರು ಕೇಳಿದರು. ಭೂಗೋಳ ಎಂದಳು. ಕೋಣೆಯೊಳಗೆ ಕುಳಿತ ಮಕ್ಕಳಿಗೆ ಉತ್ತರ ದಿಕ್ಕು ಯಾವುದೆಂದು ಹೇಗೆ ತಿಳಿಸುತ್ತೀರಿ ಎಂದು ಕೇಳಿದರು. ಅದಕ್ಕೆ ಅಕ್ಕ ಉದ್ದವಾಗಿಯೇ ಉತ್ತರ ಕೊಟ್ಟಳು. ಮರುದಿನ ಬೆಳಿಗ್ಗೆ ಜಡೆ ಹೆಣೆದುಕೊಳ್ಳುತ್ತ ನನಗೆ ಹೇಳಿದಳು:

"ನಾನು ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಂಡ್ರು ಕಣೇ. ನಮ್ಮನೇಲಿ ಯಾರು ಕೇಳಿಸ್ಕೋತಾರೆ ಹೇಳು?"

ಈ ಸಂಬಂಧ ಆಗಬೇಕೆಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಹಿಂದಿನ ಎರಡು ಸಲ ಅವಳು ಹೆಣ್ಣು ನೋಡುವ ದಿನದ ಸೀರೆಯನ್ನು ಅಮ್ಮನಿಗೇ ಆರಿಸಲು ಬಿಟ್ಟಿದ್ದಳು. ಈ ಸಲ ಅವರು ಬರಬೇಕಿದ್ದ ದಸರೆಗೆ ಇನ್ನೂ ತಿಂಗಳುಗಳಿದ್ದಾಗಲೇ ಸೀರೆಯ ಪೆಟ್ಟಿಗೆ ತೆಗೆದು ನೋಡಿದಳು.

ಹುಡುಗನಿಗೆ ತಂದೆ ತಾಯಿ ಇರಲಿಲ್ಲ. ಸಾಕಿದ್ದು ಅಜ್ಜಿ. ಅಜ್ಜಿ ಹೂಂ ಎಂದರೆ ಉಂಟು, ಇಲ್ಲವಾದರೆ ಇಲ್ಲ. ಅವರು ದಸರಾ ನೋಡುವ ನೆಪದಲ್ಲಿ ಬಂದು ನಮ್ಮಲ್ಲೇ ಉಳಿಯುವುದೆಂದು ಮಾವ ಗೊತ್ತುಮಾಡಿದ. ಆಗ ಮೈಸೂರಿನ ಎಷ್ಟೋ ಮನೆಗಳಲ್ಲಿ ಹೆಣ್ಣು ನೋಡುವುದು ಹೀಗೇ ನಡೆಯುತ್ತಿತ್ತು. ಸಂಬಂಧ ಕೂಡದಿದ್ದರೆ ಜಂಬೂಸವಾರಿ ನೋಡಿದೆವಲ್ಲ ಎಂದು ಎರಡೂ ಕಡೆಯವರು ಮುಖ ಉಳಿಸಿಕೊಳ್ಳಬಹುದಿತ್ತು. ಎಲ್ಲ ಹೇಳಿ ಮುಗಿಸಿದ ಮೇಲೆ ಮಾವ, ಅಜ್ಜಿಯ ಊರು ಸತ್ಯಮಂಗಲದ ಹತ್ತಿರ, ತಲೆತಲಾಂತರದಿಂದ ಅಲ್ಲೇ ನೆಲೆಸಿದ ಕನ್ನಡದವರು ಎಂದ.

"ಸತ್ಯಮಂಗಲಾನೇ?" ಎಂದು ಅಪ್ಪ ಕುರ್ಚಿಯಿಂದ ಮುಂದಕ್ಕೆ ಬಾಗಿದರು.

ಅವರ ಕಣ್ಣಿನಲ್ಲಿ ಬಂದ ಹೊಳಪನ್ನು ಅಮ್ಮ ನೋಡಿದಳು. ಅಂದೇ ಅಡುಗೆಮನೆಗೆ ಕರೆದು ಹೇಳಿದಳು: "ನೀವು ಮೂಗಿನ ಸುದ್ದಿ ಎತ್ತಿದ್ರೆ ಈ ಮಗು ಇದೇ ಮನೇಲಿ ಮುದುಕಿ ಆಗ್ತಾಳೆ. ಆಮೇಲೆ ದಿನಾ ಅವಳಿಗೇ ಹೇಳ್ಕೊಂಡು ಕೂತ್ಕೊಳ್ಳಿ ನಿಮ್ಮ ಕಥೇನ."

ಅಪ್ಪ ಹಿತ್ತಲಿನ ಕರಿಬೇವಿನ ಗಿಡದ ಹತ್ತಿರ ಬಹಳ ಹೊತ್ತು ನಿಂತಿದ್ದು ಒಳಗೆ ಬಂದು, ತಾನು ಮಾತಾಡಿದರೆ ಅದು ಎಲ್ಲಿಂದಾದರೂ ಬಂದೇ ಬರುತ್ತದೆ, ಹವಾಮಾನದಿಂದ ಶುರುಮಾಡಿದರೂ ಬರುತ್ತದೆ, ಆದ್ದರಿಂದ ಬೀಗರು ಇರುವಷ್ಟು ದಿನ ಮೌನವ್ರತ ಮಾಡುತ್ತೇನೆ ಎಂದರು. ಮೊದಲು ಇದು ಸಿಟ್ಟೆಂದುಕೊಂಡೆವು. ಆಮೇಲೆ ನಿಜವಾದ ಸಂಕಲ್ಪವೆಂದು ಗೊತ್ತಾಯಿತು. ತನ್ನ ಸ್ವಭಾವವನ್ನು ಅಷ್ಟು ಸರಿಯಾಗಿ ಅಳೆದವರನ್ನು ನಾನು ಹೆಚ್ಚು ಕಂಡಿಲ್ಲ.

ಅಮ್ಮನೂ ತನ್ನ ಪಾಲಿನ ಎಚ್ಚರಿಕೆ ವಹಿಸಿದಳು. ನವರಾತ್ರಿಗೆ ಗೊಂಬೆ ಕೂರಿಸುವಾಗ ಶೆಟ್ಟಿ ಗೊಂಬೆಯ ಮೂಗಿನ ಚೂರು ಎಂದೋ ಹಾರಿಹೋಗಿದ್ದದ್ದು ಅವಳ ಕಣ್ಣಿಗೆ ಬಿತ್ತು. ಶೆಟ್ಟಿ ಇಲ್ಲದೆ ಶೆಟ್ಟಿತಿಯನ್ನು ಒಂಟಿಯಾಗಿ ಕೂರಿಸುವಂತಿಲ್ಲ. ಗೋಧಿ ಹಿಟ್ಟು ಕಲಸಿ ಮೂಗು ಮಾಡಿ ಅಂಟಿಸಿ ಅರಿಸಿನ ಹಚ್ಚಿದಳು. ಎರಡು ದಿನಕ್ಕೆ ಅದಕ್ಕೆ ಇರುವೆ ಮುತ್ತಿತು. ಬೆಳಿಗ್ಗೆ ಸಂಜೆ ಶೆಟ್ಟಿಯ ಮೂಗು ಒರೆಸುವುದು ನನ್ನ ಪಾಲಿನ ಕೆಲಸವಾಯಿತು.

ಸರಸ್ವತಿ ಪೂಜೆಯ ದಿನ ಪುಸ್ತಕಗಳನ್ನೆಲ್ಲ ಪೂಜೆಗಿಟ್ಟು ನಾನು ಓದಿನಿಂದ ಬಿಡುಗಡೆ ಪಡೆದು ಹಾಯಾಗಿದ್ದಾಗ ಗೇಟಿನ ಮುಂದೆ ಜಟಕಾ ನಿಂತಿತು. ಮೊದಲು ಮಾವ ಇಳಿದ, ಆಮೇಲೆ ಹುಡುಗ, ಅವರ ಕೈಹಿಡಿದು ಅಜ್ಜಿ. ಸಣ್ಣ ಆಳು, ನೆಟ್ಟಗಿನ ಬೆನ್ನು, ಚೂಪಾದ ಮೂಗು. ನಾವೆಲ್ಲ ನೋಡಿದ್ದು ಮೂಗನ್ನೇ. ಅಪ್ಪ ಕೈಮುಗಿದು, ತುಟಿಯ ಮೇಲೆ ಬೆರಳಿಟ್ಟು, ಆಕಾಶದ ಕಡೆ ತೋರಿಸಿದರು. ನವರಾತ್ರಿಗೆ ದೇವಿಯ ವ್ರತವೆಂದು ಅಮ್ಮ ವಿವರಿಸಿದಳು. ಅಜ್ಜಿ ಬಹಳ ಭಕ್ತಿವಂತರು ಎಂದು ತಲೆದೂಗಿದರು.

ಒಂದು ಹೊತ್ತು ಕಳೆಯುವಷ್ಟರಲ್ಲಿ ಭಕ್ತಿ ಹೋಗಿ ಅನುಮಾನ ಬಂತು. ಇಷ್ಟಕ್ಕೂ ನಲವತ್ತು ವರ್ಷ ಮಾತಾಡಿಕೊಂಡೇ ಬಂದವರು ಒಮ್ಮೆಲೇ ನಿಲ್ಲಿಸಿದರೆ ನೋಡಲು ಸಹಜವಾಗಿರುವುದಿಲ್ಲ. ಅಪ್ಪನ ಬಾಯಿ ತಾನಾಗಿ ತೆರೆದುಕೊಳ್ಳುವುದು, ಅಮ್ಮ ಕೆಮ್ಮುವುದು, ಅದು ಮುಚ್ಚಿಕೊಳ್ಳುವುದು. ಸಾರು ಬೇಕೆಂಬುದನ್ನು ಸನ್ನೆಯಲ್ಲಿ ತೋರಿಸಲು ಹೋಗಿ ಎಲೆಯ ಮೇಲೆ ಕೈಯಿಂದ ಏನೇನೋ ಬರೆದು ಗಂಟಲಿನಿಂದ ಒಂದು ಸದ್ದು ಮಾಡಿದರು. ಅಜ್ಜಿ ಊಟ ನಿಲ್ಲಿಸಿ ಅದನ್ನೇ ನೋಡಿದರು. ಮಧ್ಯಾಹ್ನ ಹೂ ಕಟ್ಟುತ್ತ ಕುಳಿತಾಗ ಅಮ್ಮನನ್ನು ಮೆಲ್ಲಗೆ ಕೇಳಿದರು:

"ತಪ್ಪು ತಿಳ್ಕೋಬೇಡಮ್ಮ. ನಿಮ್ಮ ಯಜಮಾನ್ರಿಗೆ ಇದು ಹುಟ್ಟಿನಿಂದಲೇ ಬಂದಿದ್ದೋ, ಆಮೇಲೆ ಬಂದಿದ್ದೋ?"

ವ್ರತ ಎಂದು ಅಮ್ಮ ಮತ್ತೆ ಹೇಳಿದಳು. ಎಷ್ಟು ಸಲ ಹೇಳಿದಳೋ ಅಷ್ಟು ಅದು ಸುಳ್ಳೆನಿಸತೊಡಗಿತು. ಅಜ್ಜಿ ನನ್ನನ್ನು ಕರೆದು ತಿರುಗಾಮುರುಗ ಮಾತಾಡಿಸಿದರು. ನನಗೆ ಮಾತು ಸರಿಯಾಗಿ ಬರುತ್ತದೆಯೇ ಎಂದು ಪರೀಕ್ಷಿಸುತ್ತಿದ್ದಾರೆಂದು ತಡವಾಗಿ ಹೊಳೆಯಿತು. ಸಂಜೆ ಮಾವ ಮುಖ ಸಣ್ಣದು ಮಾಡಿಕೊಂಡು ಬಂದ. ಮೂಕರ ಮನೆಯಿಂದ ಹೆಣ್ಣು ತಂದರೆ ಮಕ್ಕಳಿಗೂ ಬಂದೀತೆಂದು ಅಜ್ಜಿ ಮೊಮ್ಮಗನಿಗೆ ಹೇಳುತ್ತಿದ್ದಾರಂತೆ. ವ್ರತ ಬಿಡಿಸಿದರೆ ಮೂಗು ಬರುತ್ತದೆ, ಬಿಡಿಸದಿದ್ದರೆ ಮೂಕತನ ಉಳಿಯುತ್ತದೆ. ಅಮ್ಮ ತಲೆಯ ಮೇಲೆ ಕೈಹೊತ್ತು ಕುಳಿತಳು. ಅಂದು ಆರತಿಗೆ ಅಕ್ಕ ತಾನು ಆರಿಸಿಟ್ಟಿದ್ದ ಸೀರೆ ಉಡದೆ ದಿನದ ಸೀರೆಯಲ್ಲೇ ಬಂದು ಕೂತಳು.

ಆಯುಧಪೂಜೆಯ ಬೆಳಿಗ್ಗೆ ಅಪ್ಪ ಪೆಟ್ಟಿಗೆ ತೆಗೆದರು. ಈ ವರ್ಷ ಅದೊಂದು ಬೇಡ ಎಂದು ಅಮ್ಮ ಕೈಮುಗಿದಳು. ಅಪ್ಪ ತಲೆ ಅಡ್ಡಡ್ಡ ಆಡಿಸಿದರು. ಮಾತು ಬಿಟ್ಟಿದ್ದೇ ದೊಡ್ಡದು, ಪೂಜೆ ಬಿಡುವುದಿಲ್ಲ ಎಂಬುದು ಯಾವ ಸನ್ನೆಯೂ ಇಲ್ಲದೆ ತಿಳಿಯಿತು. ಕೊನೆಗೆ ಅಮ್ಮ ಸೇವಂತಿಗೆ, ಚೆಂಡುಹೂ ಎಲ್ಲ ತಂದು ಅದರ ಮೇಲೆ ರಾಶಿ ಸುರಿದಳು. ಸೈಕಲ್ಲಿಗೆ ಒಂದು ಹಾರ, ಹೊಲಿಗೆ ಯಂತ್ರಕ್ಕೆ ಒಂದು ಎಸಳು, ಮುಂದೆ ಗುಡ್ಡದಂತೆ ಹೂವು. ಅಷ್ಟು ಹೂವಿನ ಕೆಳಗೆ ಏನೋ ಇದೆ ಎಂದು ಯಾರಿಗಾದರೂ ಅನ್ನಿಸಬೇಕು.

ಅಜ್ಜಿಗೆ ಅನ್ನಿಸಿತು. ಮಂಗಳಾರತಿಗೆ ಮೊದಲು ಅಕ್ಷತೆ ಹಾಕಲು ಬಂದವರು ಹೂವನ್ನು ಎರಡು ಬೆರಳಿನಿಂದ ಸರಿಸಿದರು.

"ಇದೇನಿದು?"

ಹೂ ಬಿಡಿಸುವ ಕೊಕ್ಕೆ ಎಂದು ಅಮ್ಮ, ಕುದುರೆಗೆ ಲಾಳ ಹೊಡೆಯುವಾಗ ಬೇಕಾಗುವುದು ಎಂದು ಮಾವ, ಬಾವಿಗೆ ಬಿದ್ದ ಕೊಡ ತೆಗೆಯುವುದು ಎಂದು ನಾನು, ಮೂವರೂ ಒಟ್ಟಿಗೇ ಹೇಳಿದೆವು. ನಮ್ಮ ಮನೆಯಲ್ಲಿ ಕುದುರೆ ಇರಲಿಲ್ಲ. ಬಾವಿಯೂ ಇರಲಿಲ್ಲ, ನಲ್ಲಿ ಇತ್ತು.

ಅಜ್ಜಿ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. "ಮಾತಾಡೋರು ಮೂರು ಥರ ಹೇಳ್ತೀರಿ. ನಿಜ ಹೇಳೋಕೆ ಯಜಮಾನ್ರಿಗೆ ಪಾಪ ಬಾಯಿಲ್ಲ," ಎಂದು ಅಪ್ಪನ ಕಡೆ ತಿರುಗಿದರು. ಅಪ್ಪ ಕಣ್ಣು ಮುಚ್ಚಿ ನಿಂತಿದ್ದರು. ಹಣೆಯ ಮೇಲಿನ ಗಂಧ ಬೆವರಿನಲ್ಲಿ ಇಳಿಯುತ್ತಿತ್ತು.

ಅಕ್ಕ ಆರತಿ ತಟ್ಟೆಯನ್ನು ಕೆಳಗಿಟ್ಟಳು.

"ಮೂಗು ಕೊಯ್ಯೋದು, ಅಜ್ಜಿ."

ಆಮೇಲೆ ಕಥೆಯನ್ನು ಪೂರ್ತಿ ಅವಳೇ ಹೇಳಿದಳೆಂದು ನನ್ನ ನೆನಪು. ಘಟ್ಟ, ಸತ್ಯಮಂಗಲ, ಮೇಲ್ದುಟಿ, ಮೀಸೆ, ಚೀಲ, ಯಾವುದನ್ನೂ ಬಿಡಲಿಲ್ಲ. ಮಕ್ಕಳಿಗೆ ನದಿಯ ದಾರಿ ಹೇಳುವ ಹಾಗೆ, ಏರಿಳಿತವಿಲ್ಲದೆ ಹೇಳಿದಳು. ಇದೇ ಕಬ್ಬಿಣ ಯಾರ ಮೂಗನ್ನಾದರೂ ಮುಟ್ಟಿತ್ತೋ ಇಲ್ಲವೋ ನಮಗೆ ಗೊತ್ತಿಲ್ಲ ಎಂದೂ ಸೇರಿಸಿದಳು. ಎರಡು ಮಾತು ಮಾತ್ರ ಆಡಿದೆ, ಉಳಿದದ್ದು ನೀನು ಸೇರಿಸಿಕೊಂಡದ್ದು ಎಂದು ಅಕ್ಕ ಇಂದಿಗೂ ಹೇಳುತ್ತಾಳೆ. ಆ ದಿನದ ನನ್ನ ಡೈರಿಯಲ್ಲಿ ಹೋಳಿಗೆ ಚೆನ್ನಾಗಿತ್ತು ಎಂದಷ್ಟೇ ಇದೆ. ಪುಸ್ತಕ ಮುಟ್ಟಬಾರದ ದಿನ ಅಷ್ಟನ್ನಾದರೂ ಹೇಗೆ ಬರೆದೆನೋ.

ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡದ್ದು ಮಾತ್ರ ಎಲ್ಲರಿಗೂ ನೆನಪಿದೆ. ಆಮೇಲೆ ಅಜ್ಜಿ ಸೆರಗು ಇಳಿಸಿ ಮಣೆಯ ಮೇಲೆ ಕುಳಿತು ಮಾತಿಗೆ ತೊಡಗಿದರು. ಅವರ ಮನೆಯಲ್ಲಿ ಮಕ್ಕಳು ಅತ್ತರೆ ಗುಮ್ಮ ಬಂತು ಎನ್ನುವುದಿಲ್ಲವಂತೆ. ಮೈಸೂರಿನವರು ಬಂದರು ಎನ್ನುತ್ತಾರಂತೆ. ಮಗು ಒಡನೆ ಮೂಗಿನ ಮೇಲೆ ಕೈಯಿಟ್ಟು ಸುಮ್ಮನಾಗುತ್ತದಂತೆ. ಅವರ ಕಡೆಯ ಹಿರಿಯರೊಬ್ಬರು ಹಾಗೆ ಮೂಗು ಕಳೆದುಕೊಂಡು ಊರಿಗೆ ಬಂದಾಗ ಹೆಂಡತಿ ಗುರುತು ಸಿಗದೆ ಬಾಗಿಲು ಹಾಕಿಕೊಂಡಳಂತೆ. ಆತ ಜಗಲಿಯ ಮೇಲೆ ಮಲಗಿ ನಿದ್ದೆಹೋದ ಮೇಲೆ ಗೊರಕೆ ಕೇಳಿ, ಇದು ನನ್ನ ಗಂಡನದೇ ಎಂದು ಒಳಗೆ ಕರೆದುಕೊಂಡಳಂತೆ. ಮೂಗಿಲ್ಲದವನ ಗೊರಕೆ ಮೊದಲಿನಂತೆಯೇ ಇರುತ್ತದೆಯೇ ಎಂದು ನನಗೆ ಆಗಲೂ ಸಂಶಯ ಬಂತು. ಕೇಳುವ ಸಂದರ್ಭ ಅದಾಗಿರಲಿಲ್ಲ.

"ಬಸ್ಸು ಘಟ್ಟ ಹತ್ತುವಾಗ ನಾನೂ ಹೀಗೇ ಮೂಗು ಮುಚ್ಕೊಂಡೇ ಬಂದೆ," ಎಂದರು ಅಜ್ಜಿ. "ಇವನು ಪೆಟ್ರೋಲು ವಾಸನೆ ಅಂದ್ಕೊಂಡ."

ಹುಡುಗ ನಕ್ಕರು. ಅಕ್ಕನೂ ನಕ್ಕಳು. ಅಲ್ಲಿಗೆ ಗೆದ್ದೆವು ಎಂದುಕೊಂಡೆ. ಆದರೆ ಅಜ್ಜಿ ಮುಗಿಸಿರಲಿಲ್ಲ. ಕಥೆಯ ಇನ್ನೊಂದು ಅರ್ಧ ನೀವು ಹೇಳಲೇ ಇಲ್ಲ ಎಂದರು. ಆಮೇಲೆ ಮಧುರೆಯವರು ಸೇನೆ ಕಟ್ಟಿಕೊಂಡು ಘಟ್ಟ ಹತ್ತಿ ಬಂದು ಮೈಸೂರಿನವರ ಮೂಗನ್ನೂ ಹಾಗೆಯೇ ಕೊಯ್ದರಲ್ಲ. "ಆಳುಗಳದ್ದು ಬಿಡಿ, ನಿಮ್ಮ ದೊರೇದೂ ಬಿಡ್ಲಿಲ್ಲ. ಅದನ್ನೇ ಮಧುರೆಗೆ ತಗೊಂಡ್ಹೋದ್ರು."

ಪಾದ್ರಿಗಳ ಬರಹದ ಬಗ್ಗೆ ಹೇಳುವಾಗ ನಮ್ಮ ಮೇಷ್ಟ್ರು ಇದನ್ನೂ ಹೇಳಿ, ಮೈಸೂರಿನ ಕಡೆಯಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ ಎಂದಿದ್ದರು. ನಾನು ಮನೆಯಲ್ಲಿ ಎಂದೂ ಎತ್ತಿರಲಿಲ್ಲ.

"ದೊರೇದು ಕೊಯ್ದಿಲ್ಲ."

ಯಾರು ಹೇಳಿದ್ದೆಂದು ಒಂದು ಕ್ಷಣ ತಿಳಿಯಲಿಲ್ಲ. ಎರಡು ದಿನದಿಂದ ಬಳಸದ ಗಂಟಲು, ಸದ್ದು ಕರಕರ ಎನ್ನುತ್ತಿತ್ತು.

"ಮಿಕ್ಕೋರ್ದು ಎಷ್ಟು ಬೇಕಾದ್ರೂ ಕೊಯ್ದಿರ್ಲಿ ತಾಯಿ," ಎಂದರು ಅಪ್ಪ. "ನಮ್ಮ ಹಿರೀಕರದ್ದನ್ನೇ ಕೊಯ್ದಿದ್ರೂ ಸರಿ. ದೊರೇದು ಕೊಯ್ದಿಲ್ಲ."

ಅಜ್ಜಿಯ ಮುಖ ಅರಳಿದ್ದನ್ನು ಈಗಲೂ ಕಾಣಬಲ್ಲೆ. ಆ ಗಳಿಗೆಗೆ ಅವರಿಗೆ ದೊರೆಯ ಮೂಗು ಮರೆತೇಹೋಯಿತು. ಮೊಮ್ಮಗನ ಮೊಣಕೈ ತಿವಿದು, ಮಾತು ಬರುತ್ತದೆ ಕಣೋ, ಚೆನ್ನಾಗಿಯೇ ಬರುತ್ತದೆ ಎಂದರು. ಅಪ್ಪನಿಂದ ಇನ್ನೊಂದೆರಡು ಮಾತು ಆಡಿಸಿ ನೋಡಿದರು. ಅದು ಕಷ್ಟದ ಕೆಲಸವಾಗಿರಲಿಲ್ಲ. ಕಟ್ಟೆ ಒಡೆದಿತ್ತು.

ಹೀಗೆ ಮಂಗಳಾರತಿ ತಣ್ಣಗಾಗುವವರೆಗೆ, ಆಮೇಲೆ ಹೋಳಿಗೆ ಊಟದುದ್ದಕ್ಕೂ, ಇಬ್ಬರೂ ದೊರೆಯ ಮೂಗಿಗಾಗಿ ಜಗ್ಗಾಡಿದರು. ಅರಮನೆಯಲ್ಲಿ ನಲವತ್ತು ವರ್ಷ ಇದ್ದೆ, ಅಂಥದ್ದಾಗಿದ್ದರೆ ಗೊತ್ತಾಗುತ್ತಿರಲಿಲ್ಲವೇ ಎಂದು ಅಪ್ಪ. ಮೂಗು ಹೋದವರು ಊರಿಗೆಲ್ಲ ಡಂಗುರ ಸಾರಿಸುತ್ತಾರೆಯೇ ಎಂದು ಅಜ್ಜಿ. ಎಲೆ ಎತ್ತಿದ ಮೇಲೆ ಅಜ್ಜಿ ಕೈ ಒರೆಸಿಕೊಂಡು, ನಗುತ್ತಲೇ ಒಂದು ಮಾತು ಹೇಳಿದರು. ಹುಡುಗಿ ನನಗೆ ಹಿಡಿಸಿದಳು, ಮೂವರು ಸುಳ್ಳು ಹೇಳಿದ ಕಡೆ ಇವಳೊಬ್ಬಳೇ ನಿಜ ಹೇಳಿದಳು. ಆದರೆ ನಮ್ಮ ಊರಿನಲ್ಲಿ ಕೇಳುತ್ತಾರೆ, ಮೈಸೂರಿನಿಂದ ಹೆಣ್ಣು ತಂದುಬಿಟ್ಟೆಯಲ್ಲ ಎಂದು. ಅವರಿಗೆ ಏನಾದರೂ ಹೇಳಬೇಕು.

"ನಿಮ್ಮ ದೊರೆ ಮೂಗೂ ಹೋಯ್ತು ಅಂತ ನಿಮ್ಮ ಬಾಯಿಂದ ಒಪ್ಕೊಳ್ಳಿ. ಇವತ್ತೇ ತಾಂಬೂಲ ಬದಲಾಯಿಸ್ಕೊಳ್ಳೋಣ."

ತಮಾಷೆಯೆಂದು ಮಾವ ನಕ್ಕ. ಅಜ್ಜಿ ನಗುವುದನ್ನು ನಿಲ್ಲಿಸಿದ್ದರು.

ಅಪ್ಪ ಗೋಡೆಗೆ ಒರಗಿ ಕುಳಿತರು. ಹೊರಗಿನವರಿಗೆ ಇದು ಒಂದು ಮಾತು. ಅವರಿಗೆ ಹಾಗಿರಲಿಲ್ಲ. ಅರಮನೆಯ ಉಪ್ಪು ತಿಂದೆ ಎಂಬುದನ್ನು ಅವರು ಅಡುಗೆಯ ಉಪ್ಪಿನಷ್ಟೇ ನಿಜವೆಂದು ತಿಳಿದವರು. ಕೂದಲುದುರಿದ ಚಾಮರವನ್ನು ಕೂಡ ಎಸೆಯಲು ಮನಸ್ಸು ಬಾರದೆ ಸಿಕ್ಕು ಬಿಡಿಸಿ ನೀಟಾಗಿ ಸುತ್ತಿಡುತ್ತಿದ್ದವರು. ಅವರು ಅಮ್ಮನ ಮುಖ ನೋಡಲಿಲ್ಲ. ಬಾಗಿಲ ಬಳಿ ನಿಂತಿದ್ದ ಅಕ್ಕನನ್ನು ನೋಡಿದರು. ಅಕ್ಕ, ಬೇಡಪ್ಪ ಎಂಬಂತೆ ತಲೆಯಾಡಿಸಿದಳೋ, ಸುಮ್ಮನೆ ತಲೆ ತಗ್ಗಿಸಿದಳೋ ನನಗೆ ಖಚಿತವಿಲ್ಲ.

"ತುದಿ," ಎಂದರು ಅಪ್ಪ.

"ಏನು ತುದಿ?"

"ತುದಿ ಸ್ವಲ್ಪ ತಾಗಿರಬಹುದು."

ಅಜ್ಜಿ ಒಪ್ಪಲಿಲ್ಲ. ಇಷ್ಟು ದೂರದಿಂದ ಬಂದು ತುದಿ ತೆಗೆದುಕೊಂಡು ಹೋಗುತ್ತಾರೆಯೇ, ಹೋಗಲಿ ಅರ್ಧ ಎಂದರು. ಅರ್ಧವಾದರೆ ಹೊಳ್ಳೆ ಬರುತ್ತದೆ, ಹೊಳ್ಳೆ ಸಾಧ್ಯವೇ ಇಲ್ಲ ಎಂದು ಅಪ್ಪ. ಹೊಳ್ಳೆ ಬಿಟ್ಟು ಮೇಲಿನದು ಎಂದರು ಅಜ್ಜಿ. ದೇವರಾಜ ಮಾರುಕಟ್ಟೆಯಲ್ಲಿ ಬಾಳೆಗೊನೆಗೆ ಕೂಡ ನಮ್ಮ ಮನೆಯವರು ಅಷ್ಟು ಚೌಕಾಸಿ ಮಾಡಿದ್ದನ್ನು ನಾನು ಕಂಡಿಲ್ಲ. ಕೊನೆಗೆ ಅದುವರೆಗೂ ಬಾಯಿ ತೆರೆಯದ ಹುಡುಗ ಹೇಳಿದರು:

"ಅಜ್ಜಿ, ಸಾಕು. ತುದಿಗೇ ಒಪ್ಕೋ. ಕೊಡೋದು ಅವರಿಗೆ ಕಷ್ಟ ಆಗ್ತಿದೆ."

ಅಜ್ಜಿ ಮೊಮ್ಮಗನನ್ನು ನೋಡಿದರು, ಅಪ್ಪನನ್ನು ನೋಡಿದರು, ಆಗಲಿ ಎಂದರು. ಅಂದೇ ಸಂಜೆ ತಾಂಬೂಲ ಬದಲಾಯಿತು. ಅಮ್ಮ ಅಳುತ್ತಳುತ್ತಲೇ ಗೊಂಬೆಗಳಿಗೆ ಆರತಿ ಮಾಡಿದಳು.

ಮರುದಿನ ಜಂಬೂಸವಾರಿಗೆ ಎಲ್ಲರೂ ಹೋದೆವು. ಮೆರವಣಿಗೆಯ ದಾರಿಯಲ್ಲಿ ಅಪ್ಪನ ಪರಿಚಯದವರ ಅಂಗಡಿಯ ಜಗಲಿ ಇತ್ತು. ಅಲ್ಲಿ ಅಜ್ಜಿಗೆ ಮುಂದೆ ಜಾಗ ಮಾಡಿಕೊಟ್ಟರು. ಪ್ರತಿ ವರ್ಷ ಅಂಬಾರಿ ಹತ್ತಿರ ಬಂದಾಗ ಅಪ್ಪ ಹಿಮ್ಮಡಿ ಎತ್ತಿ ನಿಂತು ಮಹಾರಾಜರ ಮುಖವನ್ನು ಕಣ್ತುಂಬ ನೋಡಿ, ಆಮೇಲೆ ಛತ್ರಿ ಸರಿಯಾಗಿ ಹಿಡಿದಿದ್ದಾರೆಯೇ ಎಂದು ಪರೀಕ್ಷಿಸಿ, ಯಾರಿಗಾದರೂ ಒಂದು ತಪ್ಪು ತೋರಿಸುತ್ತಿದ್ದರು. ಆ ವರ್ಷ ಆನೆ ಬಂತು, ಜನ ಜಯಕಾರ ಹಾಕಿದರು, ಅಪ್ಪ ಕೈಮುಗಿದರು. ಕಣ್ಣು ಮಾತ್ರ ಆನೆಯ ಕಾಲಿನ ಮೇಲೆಯೇ ಇತ್ತು.

ಅಜ್ಜಿಗೆ ಅದು ತಿಳಿಯಿತು. ಗದ್ದಲದಲ್ಲಿ ಅಪ್ಪನ ಕಿವಿಯ ಹತ್ತಿರ ಮುಖ ತಂದು, ಹೋಗಲಿ, ಈಗಿನ ಮಹಾರಾಜರದು ನೆಟ್ಟಗಿದೆ ನೋಡಿ ಎಂದರು.

ಅಪ್ಪ ಆಮೇಲೆ ತಲೆಯೆತ್ತಿದರು, ನಗುತ್ತಿದ್ದರು ಎಂದು ಅಕ್ಕ ಹೇಳುತ್ತಾಳೆ. ಎತ್ತಲಿಲ್ಲ, ಆನೆ ದಾಟಿ ಹಿಂದಿನ ಕುದುರೆಗಳು ಬಂದ ಮೇಲೂ ಹಾಗೆಯೇ ನಿಂತಿದ್ದರು ಎಂದು ನನ್ನ ನೆನಪು. ಈ ಒಂದು ವಿಷಯದಲ್ಲಿ ನನ್ನ ನೆನಪನ್ನೇ ನಂಬುತ್ತೇನೆ. ಅಕ್ಕ ಆಗ ಅಪ್ಪನ ಕಡೆ ನೋಡುತ್ತಿರಲಿಲ್ಲ.